ಎಣ್ಣೆ ಬಾವಿಯ ಕೇಸಿಂಗ್‌ಗೆ ವೆಲ್ಡಿಂಗೇ ಇಲ್ವಾ?

ಪ್ರಶ್ನೆ: ಹೋದ ತಿಂಗಳು ತೋಟದಲ್ಲಿ ಬೋರ್ ಕೊರೆಸಿದೆವು. ಅಣ್ಣನ ಮಗ ಕೊಲ್ಲಿ ದೇಶದಲ್ಲಿ ಎಣ್ಣೆ ಬಾವಿ ಕೊರೆಯುವ ಕೆಲಸದಲ್ಲಿದ್ದಾನೆ, ರಜೆಗೆ ಬಂದಿದ್ದ. ಕೇಸಿಂಗ್ (ಮಣ್ಣು ಕುಸಿಯದಂತೆ ಬಾವಿಯೊಳಗೆ ಇಳಿಸುವ ಪೈಪ್) ಇಳಿಸುವುದನ್ನು ನೋಡಿ, "ನಮ್ಮಲ್ಲೂ ಇದೇ ಚಿಕ್ಕಪ್ಪ, ಆದರೆ ಟೆನಾರಿಸ್ ಪೈಪು, ಎಲ್ಲೂ ವೆಲ್ಡಿಂಗೇ ಇರಲ್ಲ" ಅಂದ. ವೆಲ್ಡಿಂಗ್ ಇಲ್ಲದೆ ಪೈಪ್ ಹೇಗೆ ಮಾಡುತ್ತಾರೆ? ಅದು ಯಾವ ದೇಶದ ಕಂಪನಿ?
— ಓದುಗರು, ಕಡೂರು

ಉತ್ತರ: ಅವನು ಕಂಡ ಪೈಪಿನ ಮಟ್ಟಿಗೆ ಅವನು ಹೇಳಿದ್ದು ಸರಿ. ನಮ್ಮ ಕಡೆ ಗಟ್ಟಿ ಕಲ್ಲು ಸಿಗುವವರೆಗೆ ಕೇಸಿಂಗ್ ಇಳಿಸಿದರೆ ಸಾಕು, ಅಲ್ಲಿಂದ ಕೆಳಗೆ ಕಲ್ಲೇ ಗೋಡೆ. ಎಣ್ಣೆ ಬಾವಿ ಮೂರು ಕಿಲೋಮೀಟರ್ ಹೋಗುವುದು ಮಾಮೂಲಿ. ಅಲ್ಲಿ ಒಂದು ಪೈಪಿನೊಳಗೆ ಇನ್ನೊಂದು, ಆಳಕ್ಕೆ ಹೋದ ಹಾಗೆ ಸಣ್ಣದಾಗುತ್ತಾ, ಹೊರಗೆ ಸಿಮೆಂಟ್ ತುಂಬಿಸಿಕೊಂಡು ಇಳಿಯುತ್ತದೆ. ಒಂದೊಂದು ಪೈಪ್ 12 ಮೀಟರ್ ಅಂತ ಹಿಡಿದರೂ ಮೂರು ಕಿಲೋಮೀಟರಿಗೆ 250 ಪೈಪ್, ಹೆಚ್ಚು ಕಡಿಮೆ ಅಷ್ಟೇ ಜಾಯಿಂಟ್.

ಈಗ ಮಾಡುವ ರೀತಿ. ಗಟ್ಟಿಯಾದ ದುಂಡು ಉಕ್ಕಿನ ದಿಮ್ಮಿಯನ್ನು ಕುಲುಮೆಯಲ್ಲಿ 1200 ಡಿಗ್ರಿ ದಾಟಿಸಿ ಕೆಂಪಗೆ ಕಾಯಿಸುತ್ತಾರೆ. ಆಮೇಲೆ ಓರೆಯಾಗಿ ನಿಲ್ಲಿಸಿದ ಎರಡು ರೋಲರ್‌ಗಳ ನಡುವೆ ಬಿಡುತ್ತಾರೆ. ರೋಲರ್‌ಗಳು ದಿಮ್ಮಿಯನ್ನು ಗಿರಗಿರ ತಿರುಗಿಸುತ್ತಲೇ ಮುಂದಕ್ಕೆ ಎಳೆಯುತ್ತವೆ, ಆ ಒತ್ತಡಕ್ಕೆ ನಟ್ಟನಡುವಿನ ಉಕ್ಕು ಸಡಿಲವಾಗುತ್ತದೆ, ಸರಿಯಾಗಿ ಅಲ್ಲೇ ಎದುರಿಗೆ ಕಾದಿರುವ ಚೂಪು ಮೂತಿಯ ಸಲಾಕೆ ಹೊಕ್ಕು ತೂತು ಮಾಡುತ್ತದೆ. ಹಾಳೆ ಸುತ್ತಿ ಬೆಸೆದಿದ್ದಲ್ಲ, ಆದ್ದರಿಂದ ಹೊಲಿಗೆಯೇ ಇಲ್ಲ. ಜರ್ಮನಿಯ ಮ್ಯಾನ್ಸ್‌ಮನ್ ಅಣ್ಣತಮ್ಮಂದಿರು 1885ರ ಸುಮಾರಿಗೆ ಕಂಡುಹಿಡಿದ ದಾರಿ ಇದು. ನನಗಂತೂ ಇವತ್ತಿಗೂ ಇದು ಬೆರಗು.

ಟೆನಾರಿಸ್ ಒಂದೇ ದೇಶದ್ದು ಅನ್ನೋಕಾಗಲ್ಲ. ಕಚೇರಿ ಲಕ್ಸೆಂಬರ್ಗ್‌ನಲ್ಲಿ. ಅರ್ಜೆಂಟೀನಾದ ಸಿಡೆರ್ಕಾ, ಮೆಕ್ಸಿಕೋದ ತಾಮ್ಸಾ, ಇಟಲಿಯ ದಾಲ್ಮಿನೆ ಎಂಬ ಹಳೆಯ ಪೈಪ್ ಕಾರ್ಖಾನೆಗಳು ಸೇರಿ ಆದದ್ದು. ಇವುಗಳ ಹಿಂದಿರುವ ಟೆಕಿಂಟ್ ಗುಂಪನ್ನು ಇಟಲಿಯ ಎಂಜಿನಿಯರ್ ಅಗಸ್ಟಿನೊ ರೊಕ್ಕಾ 1945ರಲ್ಲಿ ಶುರು ಮಾಡಿದರು. 2007ರಲ್ಲಿ ಟೆನಾರಿಸ್ ಅಮೆರಿಕದ ಹೈಡ್ರಿಲ್ ಕಂಪನಿಯನ್ನು ಕೊಂಡಿತು. ಹೈಡ್ರಿಲ್ ಹೆಸರು ಮಾಡಿದ್ದು ಯಾವುದರಲ್ಲಿ ಗೊತ್ತಾ? ಪೈಪಿನ ತುದಿಯ ಥ್ರೆಡ್‌ನಲ್ಲಿ, ಅಂದರೆ ಪೈಪುಗಳನ್ನು ಬೆಸೆಯದೆ ತಿರುಗಿಸಿ ಜೋಡಿಸುವ ತಿರುಪಿನ ಸುತ್ತುಗಳಲ್ಲಿ.

ನಾನು ಹೇಳಬೇಕು ಅಂದುಕೊಂಡಿದ್ದೂ ಅದನ್ನೇ. ಪೈಪ್ ಎಷ್ಟೇ ಗಟ್ಟಿ ಇರಲಿ, ಬಾವಿ ಕೆಡುವುದು ಜಾಸ್ತಿ ಜಾಯಿಂಟ್‌ನಲ್ಲಿ. ಎಣ್ಣೆ ಬಾವಿಯ ಪೈಪ್ ಮೇಲೆ ಪಿ110 ಅಂತ ಇದ್ದರೆ, ಚದರ ಇಂಚಿಗೆ 1,10,000 ಪೌಂಡ್ ಎಳೆತದವರೆಗೂ ಅದು ಜಗ್ಗಿ ಹಾಗೇ ಉಳಿದುಬಿಡಬಾರದು ಅಂತ ಲೆಕ್ಕ. ಅಂಥ ಪೈಪಿಗೂ ಥ್ರೆಡ್ ಸರಿ ಕೂರದಿದ್ದರೆ ಗ್ಯಾಸ್ ಸೋರುತ್ತದೆ. ಗಡಸು ಉಕ್ಕು ಎಲ್ಲ ಕಡೆ ಒಳ್ಳೆಯದು ಅಂತಲೂ ಅಲ್ಲ. ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್ ಇರುವ ಬಾವಿಯಲ್ಲಿ ಗಡಸು ಉಕ್ಕೇ ಬೇಗ ಬಿರುಕು ಬಿಡುವುದು, ಅಲ್ಲಿಗೆ ಎಲ್80 ಥರದ ಮೆದು ದರ್ಜೆ ಹಾಕುತ್ತಾರೆ.

ನೀರಿನ ಬೋರಿನಲ್ಲೂ ಜಾಯಿಂಟೇ ಕೈಕೊಡುವುದನ್ನು ಅರಸೀಕೆರೆ ಹತ್ತಿರ ನಮ್ಮ ಮಾವನ ತೆಂಗಿನ ತೋಟದಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ರಿಗ್‌ನವರಿಗೆ ಮುಂದಿನ ಊರಿಗೆ ಹೋಗುವ ಅವಸರ, ಎರಡು ಕೇಸಿಂಗ್ ನಡುವೆ ಮೂರೇ ಕಡೆ ವೆಲ್ಡಿಂಗ್ ಚುಕ್ಕೆ ಇಟ್ಟು ಇಳಿಸಿಬಿಟ್ಟರು. ಮೊದಲ ಮಳೆಗೆ ಕೆಮ್ಮಣ್ಣಿನ ನೀರು ಬಂತು. ಮೂರು ತಿಂಗಳಿಗೆ ಮೋಟಾರು ಮೇಲೆತ್ತಿದರೆ ಒಳಗಿನ ಇಂಪೆಲ್ಲರ್‌ಗಳು (ತಿರುಗಿ ನೀರನ್ನು ಮೇಲೆ ತಳ್ಳುವ ಚಕ್ರಗಳು) ಸವೆದು ಹಾಳೆಯ ಹಾಗೆ ಆಗಿದ್ದವು. ಮಾವ ಅವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ನೆ ಕೂತಿದ್ದರು.

ಹಾಸನದ ಮೇಲೆ ಹೋಗುವ ಮಂಗಳೂರು–ಬೆಂಗಳೂರು ಪೆಟ್ರೋಲ್, ಡೀಸೆಲ್ ಕೊಳವೆ ಮಾರ್ಗವೂ ಹೀಗೇ ಹೊಲಿಗೆಯಿಲ್ಲದ ಪೈಪಿನದ್ದೇನಾ ಅಂತ ನಿಮಗೆ ಅನ್ನಿಸಬಹುದು. ನೆಲದಡಿ ಅಷ್ಟು ದೂರ ಹೋಗುವ ಮಾರ್ಗಗಳಿಗೆ ಸಾಮಾನ್ಯವಾಗಿ ವೆಲ್ಡಿಂಗ್ ಪೈಪೇ ಸಾಕು. ಆದರೆ ಬೆಸುಗೆಗಳನ್ನು ಎಕ್ಸ್‌ರೇಯಂಥ ಪರೀಕ್ಷೆ ಮಾಡಿಯೇ ಮಣ್ಣು ಮುಚ್ಚುತ್ತಾರೆ.

ನಿಮ್ಮ ಬೋರ್ ಹೊಸದು. ಮಳೆ ಬಂದ ಮಾರನೇ ದಿನ ಒಂದು ಬಿಳಿ ಬಕೆಟ್ ನೀರು ಹಿಡಿದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ತಳದಲ್ಲಿ ಕೆಮ್ಮಣ್ಣು ಕೂತಿದ್ದರೆ ಮೋಟಾರು ಓಡಿಸುವುದನ್ನು ನಿಲ್ಲಿಸಿ, ಕೇಸಿಂಗ್ ಜಾಯಿಂಟ್ ಮೊದಲು ನೋಡಿಸಿ.