ಸಮುರಾಯ್ ಕತ್ತಿ ಕೊಳ್ಳುವ ಮುಂಚೆ ಅದರ ಹಿಡಿಯೊಳಗಿನ ತುಕ್ಕಿನ ಬಗ್ಗೆ ತಿಳಿದುಕೊಳ್ಳಿ

ಜಪಾನಿನಲ್ಲಿ ಹಳೆಯ ಸಮುರಾಯ್ ಕತ್ತಿ ಕೊಂಡು, ತುಕ್ಕು ತೆಗೆಸಿ, ಗೋಡೆಗೆ ಹಾಕಬೇಕು ಅನ್ನುವುದು ನಿಮ್ಮ ಆಸೆ. ಅಸಲಿ ಯಾವುದೆಂದು ಹೇಗೆ ಗುರುತಿಸುವುದು ಅಂತ ಕೇಳಿದ್ದೀರಿ. ನಗೋಯಾದಲ್ಲಿ ಕೆಲಸಕ್ಕಿದ್ದಾಗ ನನಗೂ ಇದೇ ಆಸೆ ಇತ್ತು. ಬೋನಸ್ ಬಂದಾಗ ಒಂದು ಹಳೆಯ ವಾಕಿಜಾಶಿ ಕೊಂಡೆ. ಉದ್ದದ ಕತಾನಾ ಜೊತೆಗೆ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಗಿಡ್ಡ ಕತ್ತಿ ಅದು.

ಆಯುಧಪೂಜೆ ಬಂತು. ನಮ್ಮೂರಲ್ಲಿ ಮಚ್ಚು, ಕುಡುಗೋಲು, ಗುದ್ದಲಿ ಎಲ್ಲವನ್ನೂ ತಿಕ್ಕಿ ಫಳಫಳ ಮಾಡಿದ ಮೇಲೆಯೇ ಕುಂಕುಮ ಇಡುವುದು. ಇದಕ್ಕೂ ಹಾಗೇ ಮಾಡೋಣ ಅಂತ ಹಿಡಿಯ ಬಿದಿರಿನ ಮೊಳೆ ತಟ್ಟಿ ತೆಗೆದೆ. ಹಿಡಿಯೊಳಗೆ ಕೂರುವ ಭಾಗಕ್ಕೆ ನಕಾಗೊ ಅನ್ನುತ್ತಾರೆ. ಅದು ಕಪ್ಪು ತುಕ್ಕು ಹಿಡಿದಿತ್ತು. ಸ್ಯಾಂಡ್ ಪೇಪರ್ ಹಾಕಿ ಬೆಳ್ಳಗಾಗುವವರೆಗೆ ತಿಕ್ಕಿದೆ.

ಆ ತುಕ್ಕೇ ಕತ್ತಿಯ ಜಾತಕ. ಅಲಗನ್ನು ಎಷ್ಟೋ ಸಲ ಮಸೆದಿರುತ್ತಾರೆ, ಆದರೆ ನಕಾಗೊವನ್ನು ಯಾರೂ ಮಸೆಯುವುದಿಲ್ಲ. ನೂರಾರು ವರ್ಷ ಸುಮ್ನೆ ಬಿಟ್ಟಿರುತ್ತಾರೆ. ತುಕ್ಕಿನ ಬಣ್ಣ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಅರ ಉಜ್ಜಿದ ಗೆರೆಗಳು ಯಾವ ಓರೆಗಿವೆ ಅನ್ನುವುದರಿಂದ ಕಮ್ಮಾರರ ಪರಂಪರೆ ತಿಳಿಯುತ್ತದೆ. ಕಮ್ಮಾರ ಉಳಿಯಲ್ಲಿ ಕೆತ್ತಿದ ಸಹಿಯೂ ಅಲ್ಲೇ ಇರುತ್ತದೆ. ಸುಳ್ಳು ಸಹಿಗಳು ಜಾಸ್ತಿ. ಕೆತ್ತಿದ ಗೀರಿನೊಳಗೂ ಹಳೆಯ ತುಕ್ಕು ಇದೆಯಾ ಅಂತ ನೋಡಿ ಅದನ್ನು ಪತ್ತೆ ಮಾಡುತ್ತಾರೆ. ನಾನು ಅದಷ್ಟನ್ನೂ ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಟ್ಟೆ. ಅರದ ಗೆರೆಗಳು ಹೋದವು, ಸಹಿ ಮಾಸಿತು. ಅಂಗಡಿಗೆ ತೆಗೆದುಕೊಂಡು ಹೋದಾಗ ಅಲ್ಲಿನ ಹಿರಿಯರು ನಕಾಗೊ ನೋಡಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದ ಬೆಲೆ ನಾನು ಕೊಟ್ಟಿದ್ದರಲ್ಲಿ ಸಣ್ಣ ಪಾಲು. ದುಡ್ಡಿಗಿಂತ, ಅಷ್ಟು ಮನೆತನಗಳು ಕಾಪಾಡಿಕೊಂಡು ಬಂದದ್ದು ನನ್ನ ಕೈಯಲ್ಲಿ ಹಾಳಾಯಿತಲ್ಲ ಅನ್ನುವುದೇ ಇವತ್ತಿಗೂ ನೋವು.

ಅದಕ್ಕೇ ಹೇಳುತ್ತೇನೆ, ಗೋಡೆಗೆ ಹಾಕುವ ಯೋಚನೆಯನ್ನೇ ಬಿಡಿ. 'ಸಮುರಾಯ್ ಕತ್ತಿ' ಅನ್ನುವುದನ್ನೂ ಸ್ವಲ್ಪ ಬಿಡಿ. ಎಡೋ ಕಾಲದಲ್ಲಿ (1603–1868) ಜೋಡಿ ಕತ್ತಿ ಸಮುರಾಯ್‌ಗಳ ಗುರುತಾಗಿತ್ತು, ನಿಜ. ಆದರೆ ವಾಕಿಜಾಶಿಯನ್ನು ವ್ಯಾಪಾರಿಗಳೂ ಇಟ್ಟುಕೊಳ್ಳುತ್ತಿದ್ದರು. 1876ರಲ್ಲಿ ಸರ್ಕಾರ ಕತ್ತಿ ಧರಿಸಿ ಓಡಾಡುವುದನ್ನೇ ನಿಷೇಧಿಸಿತು. 1945ರಲ್ಲಿ ಜಪಾನ್ ಎರಡನೇ ಮಹಾಯುದ್ಧ ಸೋತ ಮೇಲೆ ಅಮೆರಿಕನ್ ಸೇನೆ ಕತ್ತಿಗಳನ್ನು ಕಿತ್ತುಕೊಂಡಿತು. ಇವು ಆಯುಧವಲ್ಲ, ಕಲೆ ಅಂತ ಹೊಮ್ಮಾ ಜುಂಜಿಯಂಥ ವಿದ್ವಾಂಸರು ಪಟ್ಟು ಹಿಡಿದು ವಾದಿಸಿದ್ದರಿಂದ ಉಳಿದಷ್ಟಾದರೂ ಉಳಿದವು. ಇವತ್ತಿನ ಕಾನೂನೂ ನೋಂದಾಯಿತ ಕತ್ತಿಯನ್ನು ಕಲಾಕೃತಿ ಅಂತಲೇ ಒಪ್ಪುತ್ತದೆ.

ಆ ಕಲೆ ನೋಡಬೇಕಾದರೆ ಟೋಕಿಯೋದ ರ‍್ಯೋಗೊಕುವಿನಲ್ಲಿರುವ ಕತ್ತಿಗಳ ಮ್ಯೂಸಿಯಂಗೆ ಹೋಗಿ. ಕಣ್ಣನ್ನು ಅಲಗಿನಲ್ಲಿ ಕಾಣುವ ದೀಪದ ಪ್ರತಿಬಿಂಬದ ಮಟ್ಟಕ್ಕೆ ತಂದು ನೋಡಿ, ಅಂಚಿನುದ್ದಕ್ಕೂ ಬೆಳ್ಳನೆಯ ಅಲೆ ಕಾಣುತ್ತದೆ. ಅದು ಹಾಮೊನ್. ಕಾಯಿಸುವ ಮುಂಚೆ ಬೆನ್ನಿಗೆ ಜೇಡಿಮಣ್ಣು ದಪ್ಪಗೆ, ಬಾಯಿಗೆ ತೆಳ್ಳಗೆ ಬಳಿಯುತ್ತಾರೆ. ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಟ್ಟಿಯಾಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಅದೇ ಗಳಿಗೆಯಲ್ಲಿ ಕತ್ತಿಯ ಬಾಗೂ ಹೆಚ್ಚುತ್ತದೆ. ಉಕ್ಕನ್ನು ಸಾವಿರ ಸಲ ಮಡಚುತ್ತಾರೆ ಅನ್ನುವುದು ಕಟ್ಟುಕಥೆ. ಹತ್ತು ಹದಿನೈದು ಮಡಿಕೆಗೇ ಸಾವಿರಾರು ಪದರ ಆಗುತ್ತವೆ, ಅಲ್ವಾ?

ತುಕ್ಕು ತೆಗೆಸುವುದೂ ಬೇಡ. ಅಲಗನ್ನು ಮಸೆಯುವುದು ವರ್ಷಗಟ್ಟಲೆ ಕಲಿತವರ ಕೆಲಸ. ಅವರು ಮಸೆದರೂ ಪ್ರತಿ ಸಲ ಸ್ವಲ್ಪ ಉಕ್ಕು ಸವೆಯುತ್ತದೆ, ಅದು ಮತ್ತೆ ಬರುವುದಿಲ್ಲ.

ಇಷ್ಟಾದರೂ ಕೊಳ್ಳಲೇಬೇಕು ಅಂದರೆ ನೋಂದಣಿ ಪತ್ರ ಇಲ್ಲದ ಕತ್ತಿಯನ್ನು ಮುಟ್ಟಬೇಡಿ. ಕೊಂಡ 20 ದಿನದೊಳಗೆ ಪತ್ರ ಕೊಟ್ಟ ಪ್ರಾಂತ್ಯದ ಶಿಕ್ಷಣ ಮಂಡಳಿಗೆ ತಿಳಿಸಬೇಕು. ಅಸಲಿಯೋ ಅಲ್ಲವೋ ಅಂತ ನೀವಾಗಿಯೇ ನಿರ್ಧರಿಸಲು ಹೋಗಬೇಡಿ. ಹಿಡಿ ಬಿಚ್ಚಿ ನಕಾಗೊ ತೋರಿಸಿ ಅಂತ ಅಂಗಡಿಯವರನ್ನು ಕೇಳಿ. ಅದು ಬೆಳ್ಳಗೆ ಹೊಳೆಯುತ್ತಿದ್ದರೆ ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ ಅಂದುಬಿಡಿ.