ಅಮೃತಬಳ್ಳಿಯ ಪಾಲಿಸ್ಯಾಕರೈಡ್‌ಗೆ ಕ್ಯಾನ್ಸರ್ ಕೋಶಗಳು ಸಾಯುತ್ತಿಲ್ಲ, ತಪ್ಪೆಲ್ಲಿ?

ಅಮೃತಬಳ್ಳಿ ಕಾಂಡವನ್ನು ಬಿಸಿನೀರಲ್ಲಿ ಕುದಿಸಿ, ಎಥನಾಲ್‌ನಿಂದ ಇಳಿಸಿದ ಪಾಲಿಸ್ಯಾಕರೈಡ್ (ಸಕ್ಕರೆಗಳ ಉದ್ದ ಸರಪಳಿ) ಪುಡಿ ಹೀಲಾ ಎಂಬ ಕ್ಯಾನ್ಸರ್ ಕೋಶಗಳ ಎಂಟಿಟಿ ಪರೀಕ್ಷೆಯಲ್ಲಿ (ಎಷ್ಟು ಕೋಶ ಬದುಕಿವೆ ಎಂದು ಬಣ್ಣದಿಂದ ಅಳೆಯುವುದು) 500 ಮೈಕ್ರೋಗ್ರಾಂವರೆಗೂ ಏನೂ ಮಾಡಲಿಲ್ಲ ಅಂದಿದ್ದೀರಿ.

ಮೊದಲು ಆ ಪುಡಿಯನ್ನು ನೀರಲ್ಲಿ ಕರಗಿಸಿ ಒಂದು ಹನಿ ಅಯೋಡಿನ್ ಹಾಕಿ. ಕಡುನೀಲಿ ಬಂದರೆ ಪಿಷ್ಟ ಸೇರಿದೆ. ಅಂಗಡಿಯ ಅಮೃತಬಳ್ಳಿ ಸತ್ವ ಅಂದರೇನೇ ಬಹುಪಾಲು ಪಿಷ್ಟ. ಬಿಸಿನೀರಲ್ಲಿ ಗಂಜಿಯಾಗಿ, ಎಥನಾಲ್ ಬಿದ್ದೊಡನೆ ಮಿಕ್ಕವುಗಳ ಜೊತೆ ತಳಕ್ಕೆ ಕೂರುತ್ತದೆ. ಒಟ್ಟು ಸಕ್ಕರೆ ಅಳೆಯುವ ಫೀನಾಲ್–ಸಲ್ಫ್ಯೂರಿಕ್ ಆಮ್ಲದ ಪರೀಕ್ಷೆ ಇದನ್ನು ಹಿಡಿಯದು. ಅದಕ್ಕೆ ಪಿಷ್ಟವೂ ಸಕ್ಕರೆಯೇ, ಫಿಲ್ಟರ್ ಪೇಪರಿನ ಎಳೆಯೂ ಸಕ್ಕರೆಯೇ.

ಮತ್ತೆ ಮಾಡುವಾಗ ಕಾಂಡದ ಪುಡಿಯನ್ನು 80% ಎಥನಾಲ್‌ನಲ್ಲಿ ಎರಡು ಸಲ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳಿ ಬೀಳುವಂತೆ ಕುದಿಸಿ); ಬಣ್ಣ, ಕಹಿ, ಸಣ್ಣ ಸಕ್ಕರೆಗಳು ಹೋಗುತ್ತವೆ. ಒಣಗಿಸಿ, 20 ಪಟ್ಟು ನೀರಲ್ಲಿ 80–90 ಡಿಗ್ರಿಗೆ 2 ಗಂಟೆ. ಸೋಸಿ, ಅಯೋಡಿನ್‌ಗೆ ನೀಲಿ ಬರುವುದು ನಿಲ್ಲುವವರೆಗೆ ಪಿಷ್ಟ ಒಡೆಯುವ ಕಿಣ್ವ ಆಲ್ಫಾ-ಅಮೈಲೇಸ್ ಕೊಡಿ. ಆಮೇಲೆ ಪ್ರೋಟೀನ್ ತೆಗೆಯುವ ಸೆವಾಗ್ ವಿಧಾನ: ಕ್ಲೋರೋಫಾರಂ, ಬ್ಯೂಟನಾಲ್ 4:1, ದ್ರಾವಣದ ಕಾಲುಭಾಗ. ಎರಡು ಪದರಗಳ ನಡುವೆ ಬಿಳಿ ಕೆನೆಯಂಥದ್ದು ಪ್ರೋಟೀನು. ಅದು ಬರುವುದು ನಿಲ್ಲುವವರೆಗೂ ಮತ್ತೆ ಮತ್ತೆ ಕುಲುಕಬೇಕು, ಸಾಮಾನ್ಯವಾಗಿ ಎಲ್ಲರೂ ಬೇಗ ಬಿಡುತ್ತಾರೆ. ಉಳಿದ ದ್ರಾವಕವನ್ನು ರೋಟರಿ ಇವ್ಯಾಪರೇಟರಿನಲ್ಲಿ ಆವಿ ಮಾಡಿ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕೋಶ ಸಾಯುವುದು ಕ್ಲೋರೋಫಾರಂಗೆ, ಹೆಸರು ಬರುವುದು ಬಳ್ಳಿಗೆ. 4 ಪಟ್ಟು ಎಥನಾಲನ್ನು ಕಲಕುತ್ತಾ ನಿಧಾನ ಸುರಿದು, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ತಳದ್ದನ್ನು ನೀರಲ್ಲಿ ಕರಗಿಸಿ ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಸಣ್ಣ ಅಣುಗಳನ್ನು ತೆಗೆದು) ಫ್ರೀಜ್ ಡ್ರೈ ಮಾಡಿ.

ಇಷ್ಟಾದ ಮೇಲೂ ಎಂಟಿಟಿಯಲ್ಲಿ ಕೋಶ ಸಾಯದಿದ್ದರೆ ಗಾಬರಿ ಬೇಡ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಈ ಬಳ್ಳಿಯಿಂದ ತೆಗೆದ ಜಿ1-4ಎ ಎಂಬ ಅರಬಿನೊಗ್ಯಾಲಕ್ಟನ್ (ಒಂದು ಬಗೆಯ ಪಾಲಿಸ್ಯಾಕರೈಡ್) ಕೆಲಸ ಮಾಡುವುದು ರೋಗನಿರೋಧಕ ಕೋಶಗಳ ಟಿಎಲ್‌ಆರ್4 ಎಂಬ ಗ್ರಾಹಕದ ಮೂಲಕ. ಜಪಾನಿನಲ್ಲಿ ಶಿಟಾಕೆ ಅಣಬೆಯ ಪಾಲಿಸ್ಯಾಕರೈಡ್ ಲೆಂಟಿನಾನ್ ಕೊಟ್ಟದ್ದೂ ಕೀಮೋ ಜೊತೆಗೆ, ರೋಗನಿರೋಧಕ ಶಕ್ತಿ ಏರಿಸಲು. ಹಾಗಾಗಿ ಆರ್‌ಎಡಬ್ಲ್ಯೂ 264.7 ಎಂಬ ಇಲಿಯ ರೋಗನಿರೋಧಕ ಕೋಶಗಳಿಗೆ ಕೊಟ್ಟು, ಅವು ಎಚ್ಚೆತ್ತಾಗ ಬಿಡುವ ನೈಟ್ರಿಕ್ ಆಕ್ಸೈಡ್, ಟಿಎನ್‌ಎಫ್-ಆಲ್ಫಾ ಅಳೆಯಿರಿ. ಆ ಕೋಶಗಳು ಬೆಳೆದ ಮೀಡಿಯಂ ಅನ್ನು ಹೀಲಾ ಮೇಲೆ ಹಾಕಿ ನೋಡಿ.

ಆದರೆ ಒಂದು ಎಚ್ಚರ: ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಕೂಡ ಟಿಎಲ್‌ಆರ್4 ಅನ್ನೇ ತಟ್ಟುತ್ತದೆ, ನ್ಯಾನೊಗ್ರಾಂ ಸಾಕು. ಆಟೋಕ್ಲೇವ್‌ಗೆ ಅದು ಬಗ್ಗದು. ಗಾಜನ್ನು 250 ಡಿಗ್ರಿಯಲ್ಲಿ 30 ನಿಮಿಷ ಸುಡಬೇಕು. ಎಂಡೋಟಾಕ್ಸಿನ್ ಅನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಸೇರಿಸಿ ಪರೀಕ್ಷೆಯ ಒಂದು ಸಾಲು ಇಡಿ. ಅದರಲ್ಲಿ ಟಿಎನ್‌ಎಫ್ ಕುಸಿದರೆ ನೀವು ಅಳೆದದ್ದು ಅಮೃತಬಳ್ಳಿಯನ್ನಲ್ಲ.