ಬಿಸಿಲಿಗೆ ಪುಗ್ಗಾ ಯಾಕ ಒಡೀತದ?

ಓದುಗರು ಕೇಳಿದ್ದು, ನಾವು ಹೇಳಿದ್ದು. ಈ ಸಲ ಮನೆ ಕಾರ್ಯಕ್ರಮದ ಅಲಂಕಾರ ಮತ್ತು ಕೈಯಾರೆ ಮಾಡಿದ ಉಡುಗೊರೆ.

ಮಗನ ಮೊದಲನೇ ಬರ್ತ್‌ಡೇ ಏಪ್ರಿಲ್ ಕೊನೇ ವಾರ ಅದ. ಹೋದ ವರ್ಷ ಅಕ್ಕನ ಮಗಳ ಬರ್ತ್‌ಡೇಕ್ಕ ಮಾಳಗಿ ಮ್ಯಾಲ ಪುಗ್ಗಾದ (ಬಲೂನಿನ) ಕಮಾನು ಕಟ್ಟಿದ್ವಿ. ಸಂಜಿಕಿ ಮಂದಿ ಬರೂದ್ರಾಗ ಅರ್ಧಕ್ಕರ್ಧ ಒಡದಿದ್ವು. ಪುಗ್ಗಾನೇ ಕಳಪೆ ಇದ್ವೇನ್ರಿ, ಇಲ್ಲಾ ಕಟ್ಟೂದ್ರಾಗ ತಪ್ಪಾತಾ?
— ಕಲಬುರಗಿಯ ಓದುಗರು

ಕಳಪೆ ಪುಗ್ಗಾ ಇರಬಹುದು, ಆದರೆ ಹೆಚ್ಚಾಗಿ ತಪ್ಪು ಊದುವುದರಲ್ಲೇ ಇರುತ್ತದೆ. ಬೆಳಿಗ್ಗೆ ಕೂಲರ್ ಹಚ್ಚಿದ ಕೋಣೆಯಲ್ಲಿ ಕೂತು ಬಿಗಿಯಾಗಿ ಊದುತ್ತೇವೆ. ಆಗ ಒಳಗಿನ ಗಾಳಿ 25 ಡಿಗ್ರಿ ಇತ್ತು ಅಂತಿಟ್ಟುಕೊಳ್ಳಿ. ಮಧ್ಯಾಹ್ನ 42 ಡಿಗ್ರಿಯ ಮಾಳಿಗೆಗೆ ತಂದರೆ ಅದೇ ಗಾಳಿ ನೂರಕ್ಕೆ ಆರರಷ್ಟು ಹಿಗ್ಗುತ್ತದೆ. ನೇರ ಬಿಸಿಲು ಬಿದ್ದರೆ ಇನ್ನೂ ಹೆಚ್ಚು, ಕಪ್ಪು ಮತ್ತು ಕಡುನೀಲಿ ಪುಗ್ಗಾ ಎಲ್ಲಕ್ಕಿಂತ ಬೇಗ ಕಾಯುತ್ತವೆ. ಹಿಗ್ಗಲು ಜಾಗ ಬಿಡದಿದ್ದರೆ ರಬ್ಬರ್ ತಾನೇ ಏನು ಮಾಡೀತು. ಸಾಲದ್ದಕ್ಕೆ, ಬಿಸಿಲಿಗಿಟ್ಟ ಪುಗ್ಗಾದ ಹೊಳಪು ಹೋಗಿ ಮೈಮೇಲೆ ಸುಣ್ಣ ಬಳಿದಂತೆ ಮಂಕು ಕವಿಯುತ್ತದೆ. ಅಷ್ಟಾದ ಮೇಲೆ ಒರಟು ಗೋಡೆ ತಾಗಿದರೂ ಸಾಕು, ಠಪ್ಪೆನ್ನುತ್ತದೆ.

10 ಇಂಚಿನ ಪುಗ್ಗಾ ತಂದು 8 ಇಂಚಿಗೇ ನಿಲ್ಲಿಸಿ. ಕಣ್ಣಳತೆ ನಂಬಬೇಡಿ. ದಪ್ಪ ರಟ್ಟಿನಲ್ಲಿ 8 ಇಂಚಿನ ದುಂಡು ರಂಧ್ರ ಕತ್ತರಿಸಿಟ್ಟುಕೊಂಡು, ಊದಿದ ಪುಗ್ಗಾ ಅದರಲ್ಲಿ ಸರಾಗವಾಗಿ ದಾಟುವಷ್ಟೇ ಗಾಳಿ ಇಡಿ. ಸರಿಯಾಗಿ ಊದಿದ್ದು ಚೆಂಡಿನ ಹಾಗೆ ಗುಂಡಗಿರುತ್ತದೆ. ಬಾಯಿ ಕಡೆ ಚೂಪಾಗಿ ಬದನೆಕಾಯಿಯಂತೆ ಕಂಡರೆ ಗಾಳಿ ಹೆಚ್ಚಾಯಿತು, ಸ್ವಲ್ಪ ಬಿಡಿ.

ಎಂಟು ಅಡಿ ಕಮಾನಿಗೆ 8 ಇಂಚಿಗೆ ಊದಿದ 75 ಪುಗ್ಗಾ ಬೇಕು. ಸಂದಿ ಮುಚ್ಚಲು 5 ಇಂಚಿನ ಚಿಕ್ಕವು 25, ಒಡೆದರೆ ಇರಲಿ ಅಂತ ಇನ್ನೊಂದು ಹತ್ತು. ಎರಡೆರಡರ ಬಾಯಿ ಸೇರಿಸಿ ಗಂಟು ಹಾಕಿ. ಅಂಥ ಎರಡು ಜೋಡಿಯನ್ನು ಒಂದಕ್ಕೊಂದು ಅಡ್ಡಲಾಗಿ ತಿರುವಿದರೆ ನಾಲ್ಕರ ಗೊಂಚಲು ಆಯಿತು. ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಗೊಂಚಲಿನ ನಡುವೆ ಎರಡು ಸುತ್ತು ಸುತ್ತಿ, ಮುಂದಿನದನ್ನು ಅದಕ್ಕೆ ಒತ್ತಿ ಕೂರಿಸುತ್ತ ಹೋಗಿ. ಸುಣ್ಣದ ಗೋಡೆಗೆ ಟೇಪು ಹಿಡಿಯುವುದಿಲ್ಲ, ಸುಣ್ಣದ ಸಮೇತ ಕಿತ್ತು ಬರುತ್ತದೆ. ಎರಡು ಮೊಳೆ ಹೊಡೆದು ದಾರ ಎಳೆದು ಅದಕ್ಕೇ ಕಟ್ಟಿ.

ಊದುವ ಕೆಲಸ ಮಧ್ಯಾಹ್ನವೇ ಮುಗಿಸಿ ಒಳಗಿಟ್ಟಿರಿ, ಮಾಳಿಗೆಗೆ ಐದರ ನಂತರ ತನ್ನಿ. ಕಮಾನು ಪಡಸಾಲೆಯಲ್ಲಿ ಕಟ್ಟುವುದಾದರೆ ಪೂರ್ವದ ಗೋಡೆಗೆ ಒರಗಿರಲಿ, ಪಶ್ಚಿಮದ ಗೋಡೆ ರಾತ್ರಿ ಎಂಟರವರೆಗೂ ಕಾದಿರುತ್ತದೆ. ಜಾತ್ರೆಯಲ್ಲಿ ಮಾರುವ ಹಾರುವ ಪುಗ್ಗಾವನ್ನು ಮಾತ್ರ ಕೇಕಿನ ಹತ್ತಿರ ತರಬೇಡಿ. ಎಷ್ಟೋ ಕಡೆ ಅದರಲ್ಲಿ ತುಂಬುವುದು ಹೈಡ್ರೋಜನ್. ಮೇಣದಬತ್ತಿಯ ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ತಂಗಿ ಕುಬಸಕ್ಕ ಕುರ್ಚಿ ಹಿಂದ ಕ್ರೇಪ್ ಕಾಗದದ ದೊಡ್ಡ ಹೂವು ಹಚ್ಚಬೇಕಂತ ಮಾಡೀವಿ. ಒಂದು ಮಾಡಿ ನೋಡಿದ್ರ ಎಸಳೆಲ್ಲ ಕೆಳಗ ಜೋತು ಬಿದ್ದಾವ, ಬಣ್ಣಾನೂ ಕೈಗೆ ಹತ್ತಲಿಕತ್ತದ.
— ಶಹಾಪುರದ ಓದುಗರು

ಕ್ರೇಪ್ ಕಾಗದದ ಮೈಯಲ್ಲಿ ಸುಕ್ಕಿನ ಗೆರೆಗಳಿರುತ್ತವೆ. ಎಸಳು ಕತ್ತರಿಸುವಾಗ ಆ ಗೆರೆ ಎಸಳಿನ ಬುಡದಿಂದ ತುದಿಗೆ ಉದ್ದಕ್ಕೆ ಹೋಗಬೇಕು. ನಿಮ್ಮದರಲ್ಲಿ ಅಡ್ಡಡ್ಡ ಬಂದಿರಬೇಕು. ಅಡ್ಡ ಬಂದರೆ ಎಸಳು ತನ್ನ ಭಾರಕ್ಕೆ ತಾನೇ ಹಿಗ್ಗಿ ಜೋಲುತ್ತದೆ.

ಮೊಳದುದ್ದದ ಹೂವಿಗೆ ಅಳತೆ ಹೀಗೆ. ಒಳಸುತ್ತಿಗೆ 4×5 ಇಂಚಿನ ಆರು ಎಸಳು, ನಡುಸುತ್ತಿಗೆ 5×7ರ ಏಳು, ಹೊರಸುತ್ತಿಗೆ 6×8ರ ಎಂಟು. ಅರ್ಧ ಮೀಟರ್ ಅಗಲ, 2 ಮೀಟರ್ ಉದ್ದದ ಹಾಳೆಯಲ್ಲಿ ಇಂಥದ್ದು ಒಂದೇ ಹೂವಾಗುತ್ತದೆ. ಎರಡಾಗುತ್ತವೆ ಅಂತ ಅಂದಾಜು ಹಾಕಿದರೆ ಕೊನೆಯ ಹೂವಿಗೆ ಬೇರೆ ಬಣ್ಣವೇ ಗತಿ. ಪ್ರತಿ ಎಸಳಿನ ನಡುವೆ ಎರಡೂ ಹೆಬ್ಬೆರಳಿಟ್ಟು ಅಕ್ಕಪಕ್ಕಕ್ಕೆ ಮೆಲ್ಲಗೆ ಎಳೆಯಿರಿ, ಬಟ್ಟಲಿನ ಹಾಗೆ ತಗ್ಗಾಗುತ್ತದೆ. ತುದಿಯನ್ನು ಪೆನ್ಸಿಲ್ಲಿಗೆ ಸುತ್ತಿ ಹಿಂದಕ್ಕೆ ಬಾಗಿಸಿ. 5 ಇಂಚಿನ ದುಂಡು ರಟ್ಟಿನ ಮೇಲೆ ಮೊದಲು ಹೊರಸುತ್ತು ಅಂಟಿಸಿ, ಆಮೇಲೆ ನಡುವಿನದು, ಕೊನೆಗೆ ಒಳಗಿನದು. ಬುಡದ ಒಂದು ಇಂಚಿಗೆ ಮಾತ್ರ ಅಂಟು. ನಡುಕುಸುರಿಗೆ 3 ಇಂಚು ಅಗಲದ ಪಟ್ಟಿಯ ಒಂದು ಅಂಚನ್ನು ಬಾಚಣಿಗೆಯಂತೆ ಸೀಳಿ ಸುರುಳಿ ಸುತ್ತಿದರೆ ಆಯಿತು.

ಫೆವಿಕಾಲಿಗೆ ನೀರು ಬೆರೆಸಬೇಡಿ. ಬಣ್ಣ ಬಿಡುವುದಕ್ಕೂ ಸುಕ್ಕು ಸಪಾಟಾಗುವುದಕ್ಕೂ ನೀರೇ ಕಾರಣ. ಇದೇ ಲೆಕ್ಕ ಕೂಲರಿಗೂ ಅನ್ವಯ. ಕೂಲರಿನ ತೇವದ ಗಾಳಿ ನೇರ ಬೀಸಿದರೆ ಎಂಥ ಚಂದದ ಕ್ರೇಪ್ ಹೂವೂ ಗಂಟೆಯೊಳಗೆ ಮುದುಡುತ್ತದೆ. ಕೂಲರ್ ಎದುರಿಗೆ ಬೇಡ, ಪಕ್ಕಕ್ಕಿಡಿ. ನೀರು ಚಿಮುಕಿಸಿದ ಮಲ್ಲಿಗೆ ಮಾಲೆಯನ್ನು ಇದರ ಮೇಲೆ ಇಳಿಬಿಡಬೇಡಿ. ಬಸುರಿಯ ಹಸಿರು ಸೀರೆಗೆ ಕೆಂಪು ಬಣ್ಣ ಹತ್ತಿದರೆ ಹೋಗುವುದಿಲ್ಲ, ಆದ್ದರಿಂದ ಹೂವು ಕುರ್ಚಿಯಿಂದ ಗೇಣು ದೂರವೇ ಇರಲಿ.

ಹೂವು ಹಚ್ಚುವ ಚೌಕಟ್ಟಿಗೆ ಕಟ್ಟಿಗೆ ಬೇಕಿಲ್ಲ. ಒಣಗಿದ ಜೋಳದ ದಂಟಿನ ರವದಿ (ಒಣ ಎಲೆ) ಸುಲಿದು, ಮೂರು ಮೂರು ಸೇರಿಸಿ ಅಡಿಗೊಂದು ಕಡೆ ದಾರ ಬಿಗಿದರೆ ಹಗುರವಾದ, ಗಟ್ಟಿ ಚೌಕಟ್ಟು. ಒಳಗಿನ ಬೆಂಡಿಗೆ ಗುಂಡುಸೂಜಿ ಸಲೀಸಾಗಿ ಇಳಿಯುತ್ತದೆ. ಎರಡು ದಿನ ಬಿಸಿಲಿಗೆ ಒಣಗಿಸಿ, ಝಾಡಿಸಿ ಒಳಗೆ ತನ್ನಿ.

ಅಣ್ಣನ ಮದಿವ್ಯಾಗ ಬೆಳ್ಳಿ ಬಟ್ಟಲಾ ಆಯೇರಿ ಮಾಡೋರಿದ್ದೀವಿ. ಅದನ್ನ ಇಡಾಕ ಬಿದ್ರಿ ಥರ ಕಾಣೋ ಡಬ್ಬಿ ಮನ್ಯಾಗ ಮಾಡಬಹುದಾ?
— ಬೀದರ್‌ನ ಓದುಗರು

ಮಾಡಬಹುದು. ಬಿದ್ರಿ ಅಂತ ಹೇಳಿ ಕೊಡಬೇಡಿ, ಅಷ್ಟೇ. ಬೀದರಿನ ಮಂದಿ ದೂರದಿಂದಲೇ ಗುರುತು ಹಿಡಿಯುತ್ತಾರೆ.

ನಿಜವಾದ ಬಿದ್ರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನಕ್ಷೆ ಕೊರೆದು, ಗೀರಿನಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿಗೆ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಾಗಾಗಿ ನೀವು ಹಿಡಿಯಬೇಕಾದದ್ದು ಎರಡೇ: ಹೊಳಪಿಲ್ಲದ ಕಪ್ಪು, ಮತ್ತು ಮೇಲೆದ್ದು ಕಾಣದ ಬೆಳ್ಳಿ. ಮಿಂಚುವ ಕಪ್ಪು ಕಾಗದ ತಂದಿರೋ, ಕೆಲಸ ಅಲ್ಲೇ ಕೆಟ್ಟಿತು.

ಒಂದು ಕೆ.ಜಿ. ಮಿಠಾಯಿ ಡಬ್ಬಿ ತಗೊಳ್ಳಿ. ಮೇಲಿನ ಎಣ್ಣೆ ಜಿಡ್ಡಿಗೆ ಬಣ್ಣ ಹಿಡಿಯುವುದಿಲ್ಲ, ಅದಕ್ಕೆ ಮೊದಲು ಒಂದು ಪದರ ನ್ಯೂಸ್‌ಪೇಪರ್ ಅಂಟಿಸಿ ರಾತ್ರಿಯಿಡೀ ಒಣಗಲು ಬಿಡಿ. ಮೇಲೆ ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಎರಡು ಸಲ, ನಡುವೆ ಕನಿಷ್ಠ ನಾಲ್ಕು ತಾಸು. ಬೆಳ್ಳಿಗೆ ಫ್ರಿಜ್ ರಿಪೇರಿಯವರು ಬಳಸುವ ಅಲ್ಯುಮಿನಿಯಂ ಟೇಪು ತನ್ನಿ. ಅಡುಗೆಮನೆಯ ಫಾಯಿಲ್ ತೆಳು, ಅಂಟು ಹಚ್ಚುವಾಗಲೇ ಮುದುಡುತ್ತದೆ. ಟೇಪಿನ ಹಿಂದಿನ ಕಾಗದದ ಮೇಲೆ ಅರ್ಧ ಇಂಚಿನ ಎಲೆ, ಹೂವು ಬರೆದು ಉಗುರು ಕತ್ತರಿಯಿಂದ ಕತ್ತರಿಸಿ. ಮೂಲೆ ಚೂಪಾಗಿದ್ದರೆ ನಾಳೆಗೇ ಏಳುತ್ತದೆ, ದುಂಡಗೆ ಮಾಡಿ. ಅಂಟಿಸಿದ ಮೇಲೆ ಚಮಚದ ಬೆನ್ನಿನಿಂದ ತಿಕ್ಕಿ, ಆಮೇಲೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಪ್ರತಿ ಎಲೆಯ ಅಂಚಿನಗುಂಟ ಒತ್ತಿ ಗೀರಿ. ಆ ಗೀರಿಗೆ ಎಲೆ ರಟ್ಟಿನೊಳಗೆ ಕೂತ ಹಾಗೆ ಕಾಣುತ್ತದೆ. ಮೇಲೆ ವಾರ್ನಿಶ್ ಬಳಿಯುವ ಆಸೆ ಬೇಡ.

ಬಟ್ಟಲಿಗೆ ರಬ್ಬರ್ ಬ್ಯಾಂಡ್ ಸುತ್ತಬೇಡಿ. ರಬ್ಬರಿನ ಗಂಧಕ ತಾಗಿ ಬೆಳ್ಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ತೊಟ್ಟಿಲು ಕಾರ್ಯಕ್ಕ ಬಂದ 100 ಮಂದಿಗೆ ನಮ್ಮ ಹೊಲದ ತೊಗರಿಬ್ಯಾಳಿ ಬಟ್ಟಿ ಗಂಟಿನ್ಯಾಗ ಕಟ್ಟಿ ಕೊಡಬೇಕಂತದ. ಬಟ್ಟಿ ಎಷ್ಟು ಬೇಕು?
— ಚಿಂಚೋಳಿಯ ಓದುಗರು

ಒಳ್ಳೆಯ ವಿಚಾರ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತಿನ ಮಾನ್ಯತೆ) ಬಂದಿದೆ, ಪ್ಲಾಸ್ಟಿಕ್ ಡಬ್ಬಿಗಿಂತ ಇದನ್ನು ಕೊಡುವುದೇ ಚಂದ. 9 ಇಂಚಿನ ದುಂಡು ಬಟ್ಟೆಯಲ್ಲಿ 50 ಗ್ರಾಂ ಬೇಳೆ ಹಿಡಿಯುತ್ತದೆ. 100 ಗ್ರಾಂ ತುರುಕಿದರೆ ಕುತ್ತಿಗೆ ಕಟ್ಟಲು ಬರುವುದಿಲ್ಲ, ಅದಕ್ಕೆ 12 ಇಂಚಿನದೇ ಬೇಕು. 36 ಇಂಚು ಪನ್ನದ ಬಟ್ಟೆಯ ಒಂದು ಮೀಟರಿಗೆ 9 ಇಂಚಿನವು 16 ಬರುತ್ತವೆ, 12 ಇಂಚಿನವು ಒಂಬತ್ತೇ. ಅಂದರೆ ನೂರಕ್ಕೆ ಚಿಕ್ಕದಾದರೆ 7 ಮೀಟರ್, ದೊಡ್ಡದಾದರೆ 12. ಅಂಚಿನ ಎಳೆ ಬಿಡದಂತೆ ಬೆರಳಿನಿಂದ ತೆಳ್ಳಗೆ ಫೆವಿಕಾಲ್ ಸವರಿ ಒಣಗಿಸಿ. ಕಟ್ಟುವ ಮುಂಚೆ ಬೇಳೆಯನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೇ ತುಂಬಿ. ಬಿಸಿ ಇರುವಾಗ ಕಟ್ಟಿದರೆ ಒಳಗೆ ಬೆವರಿ ಮುಗ್ಗುತ್ತದೆ. ಅರಿಶಿಣ-ಕುಂಕುಮ ಇಡುವುದಿದ್ದರೆ ಬೇರೆ ಪೊಟ್ಟಣದಲ್ಲಿಡಿ.

ಪರಪರಿ (ಬಣ್ಣದ ಕಾಗದದ ತೋರಣ) ಅಂಟಸಾಕ ಮೈದಾ ಅಂಟು ಮಾಡಿದ್ರ ಗಂಟು ಗಂಟಾಗ್ತದ. ಯಾಕ?
— ಸುರಪುರದ ಓದುಗರು

ಹಿಟ್ಟನ್ನು ಕುದಿಯುವ ನೀರಿಗೆ ಹಾಕುತ್ತಿದ್ದೀರಿ. ಎರಡು ದೊಡ್ಡ ಚಮಚ ಮೈದಾವನ್ನು ಕಾಲು ಲೋಟ ತಣ್ಣೀರಿನಲ್ಲಿ ಮೊದಲು ಕದಡಿ, ಮುಕ್ಕಾಲು ಲೋಟ ಕುದಿನೀರಿಗೆ ಅದನ್ನು ಸುರಿಯುತ್ತ ಕಲಕಿ. ಬಿಳುಪು ಹೋಗಿ ಗಾಜಿನಂತೆ ಮಿಂಚಿದಾಗ ಇಳಿಸಿ. ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುವ ರೂಢಿ ಇದೆ. ಅದು ವಿಷ, ಮಕ್ಕಳ ಕೈಗೆ ಸಿಗುವ ಮನೆಯಲ್ಲಿ ಬೇಡ. ಬೇಸಿಗೆಯಲ್ಲಿ ಈ ಅಂಟು ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ, ಅವತ್ತಿನದು ಅವತ್ತೇ ಮುಗಿಸಿ.